ಅಕ್ಕನ ಭುಜದ ಅಳತೆ

ಆಸ್ಪತ್ರೆಯಲ್ಲಿ ಅವನ ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಇತ್ತು. ದೊಡ್ಡ ಡಾಕ್ಟರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರ ಬಾಯಲ್ಲೂ ಅವನು ಅಳತೆಯಣ್ಣ. ಇವನ್ಯಾರೋ ದರ್ಜಿ ಇರಬೇಕು ಎಂದುಕೊಂಡು ಹೊಸ ನರ್ಸೊಬ್ಬಳು ಒಮ್ಮೆ ಸಮವಸ್ತ್ರದ ಬಟ್ಟೆಯನ್ನೇ ತಂದುಕೊಟ್ಟಿದ್ದಳಂತೆ. ಅವನು ಅಳೆಯುತ್ತಿದ್ದದ್ದು ಮನುಷ್ಯರ ಕೀಲುಗಳನ್ನು. ಮೊಣಕೈ ಎಷ್ಟು ಮಡಚುತ್ತದೆ, ಮಂಡಿ ಎಷ್ಟು ಬಾಗುತ್ತದೆ, ಕತ್ತು ಎಷ್ಟು ಹೊರಳುತ್ತದೆ ಎಂದು ಡಿಗ್ರಿಯಲ್ಲಿ ಅಳೆದು ಗಟ್ಟಿಯಾಗಿ ಹೇಳುವುದು. ಮೇಜಿನ ಆಚೆ ಕೂತ ಡಾಕ್ಟರು ಅದನ್ನು ಬರೆದುಕೊಳ್ಳುವುದು. ಇಪ್ಪತ್ತಾರು ವರ್ಷ ಇದೇ ಕೆಲಸ.

ಅವನ ಕೈಯಲ್ಲಿದ್ದ ಉಪಕರಣಕ್ಕೆ ಪುಸ್ತಕದಲ್ಲಿ ನಾಲಿಗೆ ಹೊರಳದ ಹೆಸರೊಂದಿದೆ. ಇಲಾಖೆಯಲ್ಲಿ ಅದು ಬರೀ ಕಡ್ಡಿ. ಎರಡು ಪ್ಲಾಸ್ಟಿಕ್ ಪಟ್ಟಿಗಳು, ಅವು ಕೂಡುವಲ್ಲಿ ಡಿಗ್ರಿ ಗುರುತಿನ ಒಂದು ಬಿಲ್ಲೆ. ಕೀಲಿನ ಮಧ್ಯಕ್ಕೆ ಬಿಲ್ಲೆ ಇಟ್ಟು, ಅಲ್ಲಾಡದ ಮೂಳೆಗುಂಟ ಒಂದು ಪಟ್ಟಿ, ಅಲ್ಲಾಡುವ ಮೂಳೆಗುಂಟ ಇನ್ನೊಂದು ಹಿಡಿದರೆ ಸಂಖ್ಯೆ ಸಿಗುತ್ತದೆ. ನೋಡಿದವರಿಗೆ ಶಾಲೆ ಮಕ್ಕಳ ಕಂಪಾಸ್ ಪೆಟ್ಟಿಗೆಯಿಂದ ಕದ್ದು ತಂದಂತೆ ಕಾಣುತ್ತಿತ್ತು. ಆದರೆ ಅದನ್ನು ಸರಿಯಾಗಿ ಇಡಬೇಕಾದರೆ ಚರ್ಮದ ಕೆಳಗಿರುವ ಮೂಳೆ ಬೆರಳ ತುದಿಗೆ ಕಾಣಬೇಕು. ಅವನಿಗೆ ಕಾಣುತ್ತಿತ್ತು, ಅದನ್ನು ಇಲ್ಲ ಎನ್ನುವಂತಿಲ್ಲ.

ಹತ್ತೊಂಬತ್ತನೇ ವಯಸ್ಸಿಗೆ ರೋಗಿಗಳ ಗಾಲಿಮಂಚ ತಳ್ಳುವ ಕೆಲಸಕ್ಕೆ ಬಂದವನು ಅವನು. ಓದು ತಲೆಗೆ ಹತ್ತಿರಲಿಲ್ಲ. ಸೊಂಟ ಮುರಿದ ಒಬ್ಬ ಅಜ್ಜಿಯನ್ನು ಅವನು ನೋವಾಗದಂತೆ ಮಂಚದಿಂದ ಮಂಚಕ್ಕೆ ಸರಿಸಿದ್ದನ್ನು ವ್ಯಾಯಾಮ ವಿಭಾಗದ ಹಳೆಯ ಮೇಸ್ಟ್ರು ನೋಡಿ, ಈ ಹುಡುಗನಿಗೆ ಕೈಗುಣ ಇದೆ ಎಂದು ತಮ್ಮ ಕಡೆ ಕರೆದುಕೊಂಡರು. ಮೂಲೆಯಲ್ಲಿ ತೂಗುಹಾಕಿದ್ದ ಎಲುಬಿನ ಗೂಡಿನ ಮುಂದೆ ನಿಲ್ಲಿಸಿ ಪಾಠ ಮಾಡಿದರು.

“ಇದು ನೋಡಯ್ಯ, ಸೊಂಟ. ಒರಳೊಳಗೆ ಗುಂಡು ಕೂತ ಹಾಗೆ ಕೂತಿದೆ. ಇದನ್ನ ಜಾರಿಸ್ಬೇಕು ಅಂದ್ರೆ ಲಾರಿನೇ ಬಂದು ಗುದ್ದಬೇಕು. ಇದು ಭುಜ. ಇದಕ್ಕೆ ಒರಳೂ ಇಲ್ಲ ಏನೂ ಇಲ್ಲ. ತಟ್ಟೆ ಮೇಲೆ ಚೆಂಡು ಇಟ್ಟ ಹಾಗೆ. ನಾಲ್ಕು ಸಣ್ಣ ಸ್ನಾಯು ಸುತ್ತಲಿಂದ ಹಿಡ್ಕೊಂಡಿರೋದಕ್ಕೆ ನಿಂತಿದೆ. ಅದಕ್ಕೇ ಎಲ್ಲಾ ಕಡೆ ತಿರುಗುತ್ತೆ, ಅದಕ್ಕೇ ಬೇಗ ಕೆಡುತ್ತೆ.”

ತಲೆಬುರುಡೆಯ ಕೆಳಗಿನ ಮೊದಲ ಕೀಲು ಹೂಂ ಎಂದು ತಲೆಯಾಡಿಸುವುದಕ್ಕೆ, ಅದರ ಕೆಳಗಿನದು ಊಹೂಂ ಎಂದು ಅಲ್ಲಾಡಿಸುವುದಕ್ಕೆ ಎಂದು ಅವನು ಕಲಿತ. ಮಂಡಿ ಬಾಗಿಲಿನ ತಿರುಗಣಿಯಂತೆ ಕಂಡರೂ ಪೂರಾ ನೆಟ್ಟಗಾಗುವಾಗ ತುಸು ತಿರುಚಿಕೊಂಡು ತನಗೆ ತಾನೇ ಬೀಗ ಹಾಕಿಕೊಳ್ಳುತ್ತದೆ, ಮನುಷ್ಯ ಗಂಟೆಗಟ್ಟಲೆ ಸರದಿಯಲ್ಲಿ ನಿಲ್ಲಬಲ್ಲದ್ದು ಅದರಿಂದಲೇ ಎಂದು ಕಲಿತ. ಸವೆದ ಮಂಡಿ ಕೈಗೆ ಮರಳಿನ ಹಾಗೆ ಕರಕರ ಸಿಗುತ್ತದೆ, ಸಂಧಿವಾತದ ಬೆರಳು ಬೆಳಿಗ್ಗೆ ಬಿಗಿದು ಮಧ್ಯಾಹ್ನಕ್ಕೆ ಸಡಿಲವಾಗುತ್ತದೆ, ಕಾಲಿನ ಹೆಬ್ಬೆರಳು ರಾತ್ರೋರಾತ್ರಿ ಕೆಂಪಗೆ ಊದಿ ಹೊದಿಕೆ ತಾಗಿದರೂ ಕಿರುಚುವಂತಾದರೆ ಅದು ಬೇರೆಯೇ ಕಾಯಿಲೆ. ಇವೆಲ್ಲ ಅವನಿಗೆ ಬಾಯಿಪಾಠವಾದವು. ಮೇಸ್ಟ್ರು ಇನ್ನೊಂದು ಮಾತನ್ನೂ ಹೇಳಿದ್ದರು: “ಕಡ್ಡಿ ಡಿಗ್ರಿ ಹೇಳುತ್ತೆ, ನೋವು ಹೇಳಲ್ಲ. ನೋವಿಗೆ ಮುಖ ನೋಡ್ಬೇಕು.” ಈ ಮಾತಿನ ಮೊದಲರ್ಧ ಅವನ ತಲೆಗೆ ಹೋಯಿತು. ಉಳಿದರ್ಧವನ್ನು ಅವನು ತನಗೆ ಬೇಕಾದ ಹಾಗೆ ತಿದ್ದಿಕೊಂಡ. ಮುಖ ನೋಡುವುದನ್ನು ಅವನೂ ಕಲಿತ, ಆದರೆ ಸುಳ್ಳು ಹಿಡಿಯುವುದಕ್ಕೆ.

ಸುಳ್ಳು ಯಾಕೆ ಬಂತೆಂದರೆ, ಪ್ರತಿ ಬುಧವಾರ ಆ ಕೋಣೆಯಲ್ಲಿ ಅಂಗವಿಕಲತೆಯ ಬೋರ್ಡು ಕೂರುತ್ತಿತ್ತು. ಮೂವರು ಡಾಕ್ಟರು, ಒಂದು ಉದ್ದನೆ ಮೇಜು, ಹೊರಗಿನ ಹಜಾರದಲ್ಲಿ ಎರಡು ಬೆಂಚು ತುಂಬ ಜನ. ಇವನು ಹೇಳಿದ ಡಿಗ್ರಿಗಳನ್ನು ಒಂದು ಪಟ್ಟಿಗೆ ಹಾಕಿ ಡಾಕ್ಟರು ಶೇಕಡಾ ಎಷ್ಟು ಎಂದು ತೆಗೆಯುತ್ತಿದ್ದರು. ನಲವತ್ತು ಬಂದರೆ ಪ್ರಮಾಣಪತ್ರ. ಅದಿದ್ದರೆ ಮೂಟೆ ಹೊರುವವನಿಗೆ ಕಾವಲು ಕೆಲಸ, ನಿಂತು ದುಡಿಯುವವಳಿಗೆ ಕೂತು ಮಾಡುವ ಕೆಲಸ. ಮೂವತ್ತೊಂಬತ್ತು ಬಂದರೆ ಕಾಗದದ ಪ್ರಕಾರ ನೀವು ಗಟ್ಟಿಮುಟ್ಟು, ಹೋಗಿ ಮೂಟೆ ಹೊರಬಹುದು. ಹಾಗಿರುವಾಗ ನಲವತ್ತಕ್ಕಾಗಿ ಕೈಯನ್ನು ಸ್ವಲ್ಪ ಕಡಿಮೆ ಎತ್ತುವವರು ಇದ್ದೇ ಇರುತ್ತಾರೆ. ಅಂಥವರಿಗೆ ಅಳತೆಯಣ್ಣ ಯಮ.

ಕತ್ತು ಹೊರಳುವುದಿಲ್ಲ ಎಂದವನ ಬೆನ್ನ ಹಿಂದೆ ತಗಡಿನ ತಟ್ಟೆ ಬೀಳಿಸುತ್ತಿದ್ದ. ಅವನು ಸರಕ್ಕನೆ ತಿರುಗಿದರೆ ಮುಗಿಯಿತು. ಮಂಡಿ ಮಡಚದವರಿಗೆ ಅರ್ಜಿ ತುಂಬಲು ಬೇಕೆಂದೇ ಗಿಡ್ಡ ಸ್ಟೂಲು ಕೊಡುತ್ತಿದ್ದ. ಎದೆಮಟ್ಟಕ್ಕೂ ಕೈ ಏಳುವುದಿಲ್ಲ ಎಂದ ಬಣ್ಣ ಬಳಿಯುವವನೊಬ್ಬ ಹೊರಗೆ ಹೋಗುವಾಗ, “ಆ ಮೇಲಿನ ಕಪಾಟಿನ ಫೈಲು ಸ್ವಲ್ಪ ಕೊಡಪ್ಪ” ಎಂದ ಅಳತೆಯಣ್ಣ. ಬಣ್ಣದವನು ಪಾಪ, ಮರ್ಯಾದಸ್ಥ, ದೊಡ್ಡವರು ಕೇಳಿದರೆಂದು ಕೈ ಚಾಚಿ ತೆಗೆದುಕೊಟ್ಟ. ಕೋಣೆಯಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಅವನ ಅರ್ಜಿ ಅಲ್ಲೇ ಬಿತ್ತು.

ಸಂಜೆ ಊಟಕ್ಕೆ ಕೂತಾಗ ಈ ಕಥೆಗಳೇ ಉಪ್ಪಿನಕಾಯಿ. ಅವನು ಕೈಕಾಲು ಸೊಟ್ಟ ಮಾಡಿ ಅಭಿನಯಿಸಿ ತೋರಿಸುತ್ತಿದ್ದ, ಹೆಂಡತಿ ಅನ್ನ ನೆತ್ತಿಗೆ ಹತ್ತುವಷ್ಟು ನಗುತ್ತಿದ್ದಳು. “ನಾಟಕದವರು, ಎಲ್ಲಾ ನಾಟಕದವರು. ನನ್ನ ಹತ್ರ ನಡೀಬೇಕಲ್ಲ!” ಎಂದು ಅವನು ತಟ್ಟೆಯಲ್ಲೇ ಕೈ ತೊಳೆಯುತ್ತಿದ್ದ. ಜೊತೆಗೇ ಇದ್ದ ಅವನ ಅಕ್ಕ ಮಾತ್ರ ಪ್ರತಿ ಸಲವೂ ಒಂದೇ ಪ್ರಶ್ನೆ ಕೇಳುವಳು: “ಆಮೇಲೆ ಅವನೇನು ಮಾಡ್ದ?”

“ಏನು ಮಾಡ್ತಾನೆ? ಏಣಿ ಹತ್ತಿ ಬಣ್ಣ ಬಳೀತಾನೆ.”

ಅಕ್ಕ ಅವನಿಗಿಂತ ಏಳು ವರ್ಷ ದೊಡ್ಡವಳು. ತಾಯಿ ತೀರಿಕೊಂಡಾಗ ಅವನಿಗೆ ಆರು, ಅವಳಿಗೆ ಹದಿಮೂರು. ಶಾಲೆ ಬಿಟ್ಟು ಅವನನ್ನು ಸಾಕಿದಳು. ಮುಂದೆ ಕೆಟ್ಟುಹೋದ ಬಲಭುಜದ ಮೇಲೇ ತಮ್ಮನನ್ನು ಹೊತ್ತು ತಿರುಗಿದ್ದಳು ಎಂದು ಬರೆದರೆ ಕೇಳುವುದಕ್ಕೆ ಚೆನ್ನಾಗಿರುತ್ತದೆ. ನಿಜ ಏನೆಂದರೆ ಅವಳು ಹೊರುತ್ತಿದ್ದದ್ದು ಎಡಗಡೆ, ಬಲಗೈ ಕೆಲಸಕ್ಕೆ ಬೇಕಾಗುತ್ತಿತ್ತು. ಮದುವೆಯಾಗಿ ಎರಡೇ ವರ್ಷಕ್ಕೆ ಗಂಡ ತೀರಿಹೋದ. ಆಮೇಲೆ ತಮ್ಮನ ಮನೆಯ ಹಿಂದಿನ ಕೋಣೆಗೆ ಬಂದಳು, ಬಂದ ತಿಂಗಳಲ್ಲೇ ಕೆಲಸವನ್ನೂ ಹುಡುಕಿಕೊಂಡಳು. ಯಾರ ಹಂಗಿನಲ್ಲೂ ಕೂತು ತಿನ್ನುವ ಜೀವ ಅದಲ್ಲ.

ಕೆಲಸ ಒಂದು ದೊಡ್ಡ ಲಾಂಡ್ರಿಯಲ್ಲಿ. ಹೋಟೆಲುಗಳ, ಆಸ್ಪತ್ರೆಗಳ ಚಾದರಗಳೆಲ್ಲ ಅಲ್ಲಿಗೆ ಬರುತ್ತಿದ್ದವು. ಯಂತ್ರದಿಂದ ಒದ್ದೆ ಚಾದರ ಎಳೆದು, ಎರಡು ಮಡಿಕೆ ಮಾಡಿ, ಒಣಗಿಸುವ ಕೋಣೆಯಲ್ಲಿ ತಲೆಗಿಂತ ಎರಡು ಅಡಿ ಮೇಲಿದ್ದ ಬಿಸಿ ಪೈಪಿನ ಮೇಲೆ ಎಸೆದು ಹರಡುವುದು. ದಿನಕ್ಕೆ ಇನ್ನೂರ ಐವತ್ತು ಚಾದರ. ಇಪ್ಪತ್ತೆರಡು ವರ್ಷ. ಒಂದು ದಿನವೂ ಮೇಲ್ವಿಚಾರಕನಿಂದ ಅವಳು ಅನ್ನಿಸಿಕೊಂಡವಳಲ್ಲ. ಎತ್ತು ಎಂದರೆ ಎತ್ತಿದಳು, ಹಾಕು ಎಂದರೆ ಹಾಕಿದಳು.

ಭುಜ ಕೆಡುತ್ತ ಬಂದದ್ದು ಮೊದಲು ಗೊತ್ತಾದದ್ದು ಅವನ ಹೆಂಡತಿಗೆ. ಊರಿಗೆಲ್ಲ ಕೀಲು ನೋಡುವವನಿಗೆ ದೀಪದ ಬುಡದಲ್ಲೇ ಕತ್ತಲು.

“ರೀ, ಅತ್ತಿಗೆ ಎರಡು ತಿಂಗಳಿಂದ ಅಟ್ಟದ ಮೇಲಿನ ಡಬ್ಬಿನೆಲ್ಲ ಎಡಗೈಲೇ ತೆಗೀತಿದಾರೆ. ನೋಡಿಲ್ವಾ?”

ಮೂಳೆ ಡಾಕ್ಟರಿಗೆ ತೋರಿಸಿದರು. ಭುಜದ ಮೇಲ್ಭಾಗದ ಸ್ನಾಯುವನ್ನು ಮೂಳೆಗೆ ಕಟ್ಟಿದ ನಾರು ಸವೆದು ತೆಳ್ಳಗಾಗಿದೆ, ಕೀಲಿನ ಚೀಲ ಬಿಗಿದುಕೊಂಡಿದೆ, ತಲೆಯ ಮೇಲೆ ಕೈ ಎತ್ತುವ ಕೆಲಸ ನಿಲ್ಲಿಸದಿದ್ದರೆ ಆ ನಾರು ಒಂದು ದಿನ ಹರಿದೇ ಹೋಗುತ್ತದೆ ಎಂದರು. ಲಾಂಡ್ರಿಯಲ್ಲಿ ಹರಿದ ಅಂಚು ಹೊಲಿಯುವ ಒಂದು ಮೇಜಿತ್ತು, ಕುರ್ಚಿ ಹಾಕಿ ಕೂರುವ ಕೆಲಸ. ಅಲ್ಲಿದ್ದ ಮುದುಕಿ ಕೆಲಸ ಬಿಡುವವಳಿದ್ದಳು. ಮೇಲ್ವಿಚಾರಕ ಕೆಟ್ಟವನೇನಲ್ಲ. “ನಲವತ್ತರ ಕಾಗದ ತಗೊಂಡು ಬಾಮ್ಮ, ಕುರ್ಚಿ ನಿಂದೇ” ಎಂದ. ಅಕ್ಕನಿಗೆ ನಿವೃತ್ತಿಗೆ ಇನ್ನೂ ಏಳು ವರ್ಷ ಇತ್ತು. ಆ ಏಳು ವರ್ಷ ಕುರ್ಚಿಯ ಮೇಲೋ ಪೈಪಿನ ಕೆಳಗೋ ಎಂಬುದು ತಮ್ಮನ ಕಡ್ಡಿಯ ಕೈಗೆ ಬಂತು.

ಮಂಗಳವಾರ ಸಂಜೆ ಅಕ್ಕ ಅವನನ್ನು ಕೇಳಿದಳು: “ನಾಳೆ ನಾನು ಅಲ್ಲಿ ಏನು ಮಾಡ್ಬೇಕೋ?”

ನೋವು ಶುರುವಾದ ಕಡೆ ಕೈ ನಿಲ್ಲಿಸು ಅಕ್ಕ, ಅದಕ್ಕಿಂತ ಮೇಲೆ ಎಳೆಯಬೇಡ. ಇಷ್ಟು ಹೇಳಿದ್ದರೆ ಸಾಕಿತ್ತು. ಅದು ಸುಳ್ಳಲ್ಲ, ಮೋಸವಲ್ಲ. ಒಳ್ಳೆಯ ಡಾಕ್ಟರು ಯಾರಿಗಾದರೂ ಹೇಳುವ ಮಾತೇ. ಆದರೆ ಸತ್ಯವಂತ ಎನ್ನುವ ಬಿರುದು ತಲೆಗೇರಿದವನಿಗೆ ಸ್ವಂತ ಅಕ್ಕನಿಗೆ ಹೇಳಿಕೊಡುವುದೆಂದರೆ ಕಳ್ಳತನ ಮಾಡಿದ ಹಾಗೆ ಅನ್ನಿಸಿತು. “ಏನೂ ಇಲ್ಲಕ್ಕ. ಎತ್ತು ಅಂದಾಗ ಎತ್ತು, ಎಷ್ಟಾಗುತ್ತೋ ಅಷ್ಟು. ಅಳತೆ ಅಳತೆನೇ” ಎಂದ. ಅಕ್ಕ ತಲೆಯಾಡಿಸಿದಳು.

ಮರುದಿನ ಬೋರ್ಡಿನಲ್ಲಿ ಅವಳ ಸರದಿ ಬಂದಾಗ ಅವನು ಮೇಜಿನ ಬಳಿ ಹೋಗಿ, ಇವಳು ತನ್ನ ಅಕ್ಕ, ಬೇರೆ ಯಾರಾದರೂ ಅಳೆಯಲಿ ಎಂದು ಮೆಲ್ಲಗೆ ಹೇಳಿದ. ಅಲ್ಲಿಯವರೆಗೆ ಸರಿಯಾಗೇ ನಡೆದುಕೊಂಡ. ಹಿರಿಯ ಡಾಕ್ಟರು ಕನ್ನಡಕ ಮೇಲೇರಿಸಿ ನಕ್ಕರು.

“ನೀವು ಸ್ವಂತ ಅಕ್ಕನಿಗೂ ಅರ್ಧ ಡಿಗ್ರಿ ಬಿಡೋರಲ್ಲ ಅಂತ ಇಡೀ ಆಸ್ಪತ್ರೆಗೆ ಗೊತ್ತು ಕಣ್ರೀ. ನೀವೇ ಅಳೀರಿ.”

ಹೊಗಳಿಕೆಗೆ ಸೋಲದ ಕೀಲು ಮನುಷ್ಯನ ಮೈಯಲ್ಲಿ ಯಾವುದೂ ಇಲ್ಲ. ಅವನ ಬೆನ್ನು ನೆಟ್ಟಗಾಯಿತು. ಎಡಗೈಯನ್ನು ಅಕ್ಕನ ಬೆನ್ನಿನ ಹಲಗೆಮೂಳೆಯ ಮೇಲೆ ಒತ್ತಿ ಹಿಡಿದ. ಭುಜವನ್ನೇ ಕಿವಿಯ ಕಡೆ ಏರಿಸಿ ಕೈ ಎತ್ತಿದ ಹಾಗೆ ತೋರಿಸುವವರಿಗೆ ಅದು ಅವನ ಕಡಿವಾಣ. ಬಲಗೈಯಲ್ಲಿ ಕಡ್ಡಿ. “ಎತ್ತಿ” ಎಂದ. ಬೋರ್ಡಿನಲ್ಲಿ ಅಕ್ಕನಿಗೂ ಬಹುವಚನವೇ.

ಅಕ್ಕ ಎತ್ತಿದಳು. ಮೂವತ್ತು, ನಲವತ್ತು, ಐವತ್ತು. ಅರವತ್ತೈದಕ್ಕೆ ಬಂದಾಗ ಅವನ ಅಂಗೈಯ ಕೆಳಗಿನ ಸ್ನಾಯು ಬೆದರಿದ ಹಕ್ಕಿಯಂತೆ ನಡುಗಿತು. ನೋವು ಶುರುವಾದದ್ದು ಅಲ್ಲಿ, ಅವನಿಗೆ ಗೊತ್ತಾಯಿತು. ಅಲ್ಲಿ ನಿಂತರೆ ಶೇಕಡಾ ನಲವತ್ತಮೂರು. ಇಪ್ಪತ್ತಾರು ವರ್ಷದ ಲೆಕ್ಕ ತಲೆಯೊಳಗೆ ತಾನಾಗಿಯೇ ಆಗಿಹೋಯಿತು. ಆದರೆ ಕೈ ನಿಲ್ಲಲಿಲ್ಲ. ಅಕ್ಕ ಕಣ್ಣು ಮುಚ್ಚಿದ್ದಳು. ಹಲ್ಲು ಕಚ್ಚಿದ್ದು ಕೆನ್ನೆಯಲ್ಲಿ ಕಾಣುತ್ತಿತ್ತು. ಎಂಬತ್ತು, ತೊಂಬತ್ತು. ಬಟ್ಟೆಯ ಬೆನ್ನು ಬೆವರಿಗೆ ಅವನ ಅಂಗೈಗೆ ಅಂಟಿಕೊಂಡಿತು. ಸಾಕು ಎಂಬ ಮಾತು ಬಾಯಿಯವರೆಗೆ ಬಂತು. ಮೂವರು ಡಾಕ್ಟರು ಅವನನ್ನೇ ನೋಡುತ್ತಿದ್ದರು. ಕೈ ತನ್ನ ತುದಿ ಮುಟ್ಟಿ ನಡುಗುತ್ತ ನಿಂತಿತು. ಅವನು ಓದಿದ: “ನೂರ ಹತ್ತು.”

ಪಕ್ಕಕ್ಕೆ, ಒಳಕ್ಕೆ, ಹೊರಕ್ಕೆ, ಎಲ್ಲ ಕಡೆಯೂ ಅದೇ ಕಥೆ. ಒಟ್ಟು ಶೇಕಡಾ ಮೂವತ್ತಾರು. ಡಾಕ್ಟರು ಸಹಿ ಹಾಕಿ ಕಾಗದ ಪಕ್ಕಕ್ಕೆ ಸರಿಸಿದರು.

ಹಜಾರದಲ್ಲಿ ಗೋಡೆಗೆ ಒರಗಿ ನಿಂತ ಅಕ್ಕ, ಮುಖ ಬಿಳಿಚಿಕೊಂಡಿದ್ದರೂ, ಪರೀಕ್ಷೆ ಬರೆದು ಹೊರಬಂದ ಹುಡುಗಿಯ ಹಾಗೆ ಕೇಳಿದಳು: “ಸರಿಯಾಗಿ ಮಾಡಿದ್ನೇನೋ?”

“ಹೂಂ” ಎಂದ ಅವನು.

ಕಾಗದದಲ್ಲಿ ಏನಿದೆ ಎಂದು ಸಂಜೆ ಹೇಳಿದ. ಅಕ್ಕ, “ಹೋಗ್ಲಿ ಬಿಡು, ಇರೋದು ಇದ್ದ ಹಾಗೆ ಬಂತಲ್ಲ” ಎಂದಳು. ಗುರುವಾರ ಬೆಳಿಗ್ಗೆ ಪೈಪಿನ ಕೆಳಗೆ ಹೋಗಿ ನಿಂತಳು.

ಆಮೇಲಿನ ದಿನಗಳಲ್ಲಿ ಅವನ ಕಣ್ಣು ತೆರೆಯಿತು. ಹೊತ್ತು ಮೀರಿದ ಮೇಲೆ ತೆರೆದ ಕಣ್ಣು. ಅಕ್ಕ ಬಟ್ಟೆ ಹಾಕಿಕೊಳ್ಳುವಾಗ ಮೊದಲು ಬಲತೋಳು ತೂರಿಸುತ್ತಾಳೆ, ನೀರಿನ ಚೊಂಬನ್ನು ಎಡಗೈಗೆ ದಾಟಿಸಿಯೇ ಎತ್ತುತ್ತಾಳೆ, ಬಾಗಿಲ ಚಿಲಕವನ್ನು ಮೈ ತಿರುಗಿಸಿ ತೆಗೆಯುತ್ತಾಳೆ. ಒಂದು ಸಂಜೆ ಹೆಂಡತಿ ಅಂಗಡಿಗೆ ಹೋಗಿದ್ದಾಗ ಅವನು ಬಿಸಿನೀರಿನ ಚೀಲ ತಂದು ಅವಳ ಭುಜಕ್ಕೆ ಒತ್ತಿ ಹಿಡಿದ. ಎರಡು ವಾರದಿಂದ ಒಳಗೆ ಕುದಿಯುತ್ತಿದ್ದದ್ದು ಸಿಟ್ಟಾಗಿ ಹೊರಬಂತು.

“ಅಷ್ಟು ಮೇಲೆ ಯಾಕೆ ಎತ್ತಿದೆ ಅಕ್ಕ? ನೋವು ಅಂತ ಒಂದು ಮಾತು ಹೇಳೋಕಾಗ್ತಿರಲಿಲ್ವಾ? ಅಲ್ಲೇ ನಿಲ್ಲಿಸಿದ್ರೆ ಕುರ್ಚಿ ನಿಂದಾಗ್ತಿತ್ತು!”

“ಎಷ್ಟಾಗುತ್ತೋ ಅಷ್ಟು ಎತ್ತು ಅಂದೆಯಲ್ಲ.”

“ಎಷ್ಟಾಗುತ್ತೋ ಅಂದ್ರೆ ಪ್ರಾಣ ಹೋಗೋವರೆಗೂ ಎತ್ತು ಅಂತಾನಾ?”

ಅಕ್ಕ ಚೀಲವನ್ನು ಸ್ವಲ್ಪ ಕೆಳಗೆ ಸರಿಸಿಕೊಂಡಳು. “ಪ್ರಾಣ ಎಲ್ಲಿ ಹೋಯ್ತೋ? ನೋಡು, ನೀನು ಅಷ್ಟು ವರ್ಷದಿಂದ ಊಟಕ್ಕೆ ಕೂತಾಗ ಹೇಳ್ತಿದ್ದೆ. ಆ ಬಣ್ಣದೋನು, ಆ ತಟ್ಟೆ ಬೀಳಿಸಿದ್ದು. ನಾನು ಅರ್ಧಕ್ಕೆ ನಿಲ್ಲಿಸಿದ್ರೆ ನೀನು ಏನಂದ್ಕೋತಿದ್ದೆ? ಅಕ್ಕನೂ ನಾಟಕ ಆಡ್ತಿದಾಳೆ ಅಂತ ತಾನೆ? ನೀನು ಅಂದ್ಕೊಳ್ದಿದ್ರೂ ಆ ಡಾಕ್ಟರುಗಳು ಅಂದ್ಕೋತಿದ್ರು. ಅಳತೆಯಣ್ಣನ ಮನೇಲೇ ಕಳ್ಳಿ ಅಂತ. ನಿನ್ನ ಮರ್ಯಾದೆ ಕಣೋ. ಅದಕ್ಕೇ ಕಣ್ಣು ಮುಚ್ಕೊಂಡು ಎತ್ತಿಬಿಟ್ಟೆ.”

ಅವನಿಗೆ ಇಟ್ಟಿಗೆ ಹೊರುವ ಒಬ್ಬಳು ನೆನಪಾದಳು, ಮೊಣಕೈ ಮಡಚುವಾಗ ತುಟಿ ಕಚ್ಚಿ ರಕ್ತ ಬರಿಸಿಕೊಂಡವಳು. ಬಸ್ಸಿನ ಚಾಲಕನೊಬ್ಬ ನೆನಪಾದ, ಕತ್ತು ತಿರುಗಿಸಿ ತೋರಿಸಿ ಹೊರಗೆ ಹೋಗಿ ವಾಂತಿ ಮಾಡಿದ್ದ. ಮೂವತ್ತಾರು, ಮೂವತ್ತೆಂಟು, ಮೂವತ್ತೈದು ಎಂದು ಅವರ ಕಾಗದಗಳು ಹೋಗಿದ್ದವು. ನಾಟಕದವರನ್ನು ಹಿಡಿಯುವ ಭರದಲ್ಲಿ ನಾಟಕ ಬಾರದವರನ್ನೆಲ್ಲ ಅವನೇ ಬಲಿ ಕೊಟ್ಟಿದ್ದ.

ಸರಿಪಡಿಸಲು ದಾರಿ ಇರಲಿಲ್ಲವೇ? ಇತ್ತು. ಮರುದಿನ ಅವನು ಹಿರಿಯ ಡಾಕ್ಟರ ಕೋಣೆಗೆ ಹೋದ. ಅಕ್ಕನನ್ನು ಮತ್ತೊಮ್ಮೆ ಅಳೆಯಬಹುದೇ ಎಂದು ಕೇಳಿದ.

“ಆರು ತಿಂಗಳಾಗ್ಬೇಕು. ನಿಯಮ ನಿಮಗೇ ಗೊತ್ತಲ್ಲ.”

“ಅಳತೆಯಲ್ಲಿ ತಪ್ಪಾಗಿತ್ತು ಸಾರ್.”

ಡಾಕ್ಟರು ಪೆನ್ನು ಕೆಳಗಿಟ್ಟರು. “ಯಾರ ತಪ್ಪು? ನೀವೇ ಅಳೆದಿದ್ದಲ್ವಾ? ಹಾಗಿದ್ರೆ ಬರೆದು ಕೊಡಿ. ನೋವಿನ ಜಾಗ ಬಿಟ್ಟು ಮೇಲೆ ಅಳೆದೆ, ನನ್ನಿಂದ ತಪ್ಪಾಯ್ತು ಅಂತ. ಮುಂದಿನ ಬುಧವಾರಾನೇ ಕರೆಸ್ತೀನಿ.” ಆಮೇಲೆ ದನಿ ತಗ್ಗಿಸಿ, “ಯೋಚನೆ ಮಾಡಿ ಬರೀರಿ. ಒಂದು ತಪ್ಪು ಅಂತ ಬರೆದ್ರೆ ಉಳಿದ ಸಾವಿರಾರು ಮಂದಿ ಸುಮ್ನಿರಲ್ಲ. ಇಷ್ಟು ವರ್ಷದ ಹೆಸರು ನಿಮ್ದು” ಎಂದರು.

ಅವನು ವಿಭಾಗಕ್ಕೆ ಬಂದು, ವ್ಯಾಯಾಮದ ಹಗ್ಗಗಳು ತೂಗುತ್ತಿದ್ದ ಕಿಟಕಿಯ ಪಕ್ಕ ಕೂತು ಬಿಳಿ ಹಾಳೆ ತೆಗೆದುಕೊಂಡ. ಮಾನ್ಯರೇ ಎಂದು ಬರೆದ. ಅದರ ಕೆಳಗೆ ಎರಡು ಸಾಲು ಬರೆದ. ಹೊರಗೆ ಯಾರೋ ಹೊಸಬರಿಗೆ ಯಾರೋ ಹೇಳುತ್ತಿದ್ದರು, “ಅಳತೆಯಣ್ಣ ಇದಾರೆ ಒಳಗೆ, ಅವರು ಹೇಳಿದ್ರೆ ಮುಗೀತು, ಮೇಲೆ ಮಾತಿಲ್ಲ.” ಅವನು ಹಾಳೆಯನ್ನು ನಾಲ್ಕಾಗಿ ಮಡಚಿದ. ಇನ್ನು ಐದೂವರೆ ತಿಂಗಳು ತಾನೆ, ಅಕ್ಕನಿಗೆ ಸರಿಯಾಗಿ ಹೇಳಿಕೊಟ್ಟು ಕರೆತಂದರಾಯಿತು ಎಂದುಕೊಂಡ. ಹಾಳೆ ಹರಿದು ಬುಟ್ಟಿಗೆ ಹಾಕಿದ. ಇದನ್ನು ಅವನು ಹೆಂಡತಿಗೂ ಹೇಳಲಿಲ್ಲ, ಅಕ್ಕನಿಗೂ ಹೇಳಲಿಲ್ಲ. ಜಾಣ ಎನ್ನಿ, ಹೇಡಿ ಎನ್ನಿ. ನಾನಾದರೆ ಎರಡನೆಯದನ್ನೇ ಎನ್ನುತ್ತೇನೆ.

ಮೂರು ವಾರ ಕಳೆದಿರಲಿಲ್ಲ. ಲಾಂಡ್ರಿಯಿಂದ ಅಕ್ಕನನ್ನು ಕೈಗೆ ಬಟ್ಟೆ ಕಟ್ಟಿ ಕುತ್ತಿಗೆಗೆ ತೂಗುಹಾಕಿ ಕರೆತಂದರು. ಪೈಪಿನ ಮೇಲೆಸೆದ ಚಾದರ ಅಂಚಿನಲ್ಲಿ ಸಿಕ್ಕಿಕೊಂಡಿತ್ತು, ಅವಳು ಜಗ್ಗಿ ಎಳೆದಳು, ಹಳೇ ಬಟ್ಟೆ ಸೀಳಿದಂತೆ ಪರ್ರೆಂದು ಶಬ್ದವಾಯಿತು.

“ಚಾದರ ಹರೀತು ಅಂದ್ಕೊಂಡೆ ಕಣೋ” ಎಂದಳು ಅಕ್ಕ, ತುರ್ತು ವಿಭಾಗದ ಮಂಚದ ಮೇಲೆ ಕೂತು. “ಎಲ್ಲಿ ಹರೀತು ಅಂತ ಪೂರಾ ಹುಡುಕಿದೆ. ಚಾದರಕ್ಕೆ ಏನೂ ಆಗಿರಲಿಲ್ಲ.”

ನಾರು ಬುಡದಿಂದ ಕಿತ್ತು ಬಂದಿತ್ತು. ಮೊದಲೇ ಸವೆದು ಎಳೆಎಳೆಯಾಗಿದ್ದದ್ದು, ಹೊಲಿಗೆ ಹಾಕಿದರೂ ನಿಲ್ಲುವುದಿಲ್ಲ ಎಂದು ಮೂಳೆ ಡಾಕ್ಟರು ಚಿತ್ರವನ್ನು ದೀಪಕ್ಕೆ ಹಿಡಿದು ತೋರಿಸಿದರು. ತೋರಿಸುವ ಅಗತ್ಯ ಅವನಿಗಿರಲಿಲ್ಲ. ತಟ್ಟೆಯ ಮೇಲಿನ ಚೆಂಡನ್ನು ಮೇಲಿನಿಂದ ಹಿಡಿದಿದ್ದ ದಾರ ತುಂಡಾಗಿದೆ, ಇನ್ನು ಆ ಕೈಯನ್ನು ಅಕ್ಕ ಎತ್ತಲಾರಳು, ಇನ್ನೊಬ್ಬರು ಎತ್ತಿಟ್ಟರೂ ಅದು ನಿಲ್ಲಲಾರದು. ಹೊಸ ಪೆಟ್ಟಾದ್ದರಿಂದ ಆರು ತಿಂಗಳ ನಿಯಮ ಅನ್ವಯಿಸುವುದಿಲ್ಲ, ಊತ ಇಳಿದ ಮೇಲೆ ಬೋರ್ಡಿಗೆ ಬರಬಹುದು ಎಂದು ಕಚೇರಿಯವರು ಒಳ್ಳೆಯ ಸುದ್ದಿಯ ಹಾಗೆ ಹೇಳಿದರು.

ಎರಡು ತಿಂಗಳ ನಂತರದ ಬುಧವಾರ. ಅದೇ ಕೋಣೆ, ಅದೇ ಮೇಜು. ಈ ಸಲ ಅವನು ಬೇರೆಯವರು ಅಳೆಯಲಿ ಎನ್ನಲಿಲ್ಲ. ತನ್ನ ಕೈಯಿಂದಲೇ ಆಗಲಿ ಎಂದುಕೊಂಡನೋ, ಕೇಳಲು ಬಾಯಿ ಬರಲಿಲ್ಲವೋ, ಅವನಿಗೇ ಗೊತ್ತಿಲ್ಲ. ಬಿಲ್ಲೆಯನ್ನು ಕೀಲಿಗಿಟ್ಟ. ಭುಜದ ದುಂಡು ಇಳಿದು ಅಲ್ಲೊಂದು ಹಳ್ಳ ಬಿದ್ದಿತ್ತು. “ಎತ್ತು ಅಕ್ಕ” ಎಂದ, ಏಕವಚನದಲ್ಲೇ.

ಅಕ್ಕ ಮತ್ತೆ ಕಣ್ಣು ಮುಚ್ಚಿದಳು. ಕೈ ಇಪ್ಪತ್ತೈದಕ್ಕೆ ಬಂದು ನಿಂತಿತು. ಅವಳು ಬಿಡಲಿಲ್ಲ. ಭುಜ ಕಿವಿಯ ಕಡೆ ಏರಿತು, ಮೈ ಎಡಕ್ಕೆ ವಾಲಿತು, ಕತ್ತಿನ ನರ ಉಬ್ಬಿತು. ಅವನು ಕಡ್ಡಿಯನ್ನು ಮೇಜಿನ ಮೇಲಿಟ್ಟು ಎರಡೂ ಕೈಯಿಂದ ಅವಳ ತೋಳು ಹಿಡಿದು ಕೆಳಗಿಳಿಸಿದ.

“ಸಾಕು.”

“ಇನ್ನೊಂದು ಸಲ ನೋಡ್ತೀನಿ ಇರೋ, ಸ್ವಲ್ಪ ಆಗುತ್ತೇನೋ.”

“ಸಾಕು ಅಕ್ಕ. ಬೇಡ.”

“ಎಷ್ಟು ಬಂತು?” ಎಂದರು ಡಾಕ್ಟರು.

ಅವನು ಹೇಳಿದ. ಯಾರಿಗೂ ಕೇಳಿಸಲಿಲ್ಲ.

“ಜೋರಾಗಿ ಹೇಳಿ.”

“ಇಪ್ಪತ್ತೈ‌ದು.”

ಪಟ್ಟಿ ನೋಡಿ, ಕೂಡಿಸಿ, ಶೇಕಡಾ ಐವತ್ತೆಂಟು ಎಂದು ಬರೆದರು. ಮೂಲೆಯಲ್ಲಿದ್ದ ಕಿರಿಯ ಡಾಕ್ಟರು ನಗುನಗುತ್ತ, “ಈ ಸಲ ಪಾಸಾದ್ರಿ ಬಿಡಿ ಅಮ್ಮ” ಎಂದರು. ಅಕ್ಕನೂ ನಕ್ಕಳು. ಎಡಗೈಯಲ್ಲಿ ಕಾಗದ ಇಸಿದುಕೊಂಡು ಮೂವರಿಗೂ ತಲೆಬಾಗಿ ಹೊರಗೆ ಬಂದಳು.

ಅವನು ಹಿಂದೆಯೇ ಬಂದ. ಹೇಳಬೇಕೆಂದಿತ್ತು. ಹರಿದು ಹಾಕಿದ ಹಾಳೆಯ ವಿಷಯ, ಅವತ್ತು ಕಿಟಕಿಯ ಪಕ್ಕ ಕೂತಿದ್ದದ್ದು, ಎಲ್ಲ. ಬೆಂಚಿನ ಮೇಲಿನ ಜನ ಅವನನ್ನು ನೋಡಿ ಮೈ ಸರಿಮಾಡಿಕೊಂಡು ಕೂತರು. ಅಕ್ಕ ಕಾಗದವನ್ನು ಬೆಳಕಿಗೆ ಹಿಡಿದು ಸಂಖ್ಯೆಯನ್ನು ಬೆರಳಿಟ್ಟು ಓದುತ್ತಿದ್ದಳು. ಅವಳ ಮುಖದಲ್ಲಿ ಸಂತೋಷವಿತ್ತು. ಅವನಿಗೆ ಬೈದಿದ್ದರೆ, ಕಾಗದವನ್ನು ಮುಖಕ್ಕೆ ಎಸೆದಿದ್ದರೆ, ಅದನ್ನು ಆ ಸಂತೋಷಕ್ಕಿಂತ ಸುಲಭವಾಗಿ ತಡೆದುಕೊಳ್ಳಬಹುದಾಗಿತ್ತು.

“ಬೇಕಾಗಿದ್ದಕ್ಕಿಂತ ಹದಿನೆಂಟು ಜಾಸ್ತೀನೇ ಬಂದಿದೆ, ಅಲ್ವೇನೋ?” ಎಂದಳು. “ನೀನು ಸುಮ್ನೆ ಅಷ್ಟು ದಿನ ಮುಖ ಸಣ್ಣ ಮಾಡ್ಕೊಂಡಿದ್ದೆ. ಕುರ್ಚಿ ಎಲ್ಲಿಗೂ ಓಡಿಹೋಗಿರಲಿಲ್ಲ.”

ಎತ್ತುವ ರಭಸಕ್ಕೆ ಅವಳ ತುರುಬು ಬಿಚ್ಚಿ ನರೆತ ಕೂದಲು ಕುತ್ತಿಗೆಯ ಮೇಲೆ ಬಿದ್ದಿತ್ತು. ಎಡಗೈಯಲ್ಲಿ ಅದನ್ನು ಒಟ್ಟುಗೂಡಿಸಿದಳು, ಒಂದೇ ಕೈಗೆ ಗಂಟು ನಿಲ್ಲಲಿಲ್ಲ, ಜಾರಿತು. ಕಾಗದವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಇನ್ನೊಮ್ಮೆ ಕಟ್ಟಿ ನೋಡಿದಳು. ಆಮೇಲೆ ಕಾಗದ ಕೈಗೆ ತೆಗೆದುಕೊಂಡು, ಅವನ ಕಡೆ ಬೆನ್ನು ತಿರುಗಿಸಿ ನಿಂತಳು.

“ಸ್ವಲ್ಪ ಕಟ್ಟೋ. ಮನೇಲಿ ನಿನ್ನ ಹೆಂಡ್ತಿ ಕಟ್ತಾಳೆ, ಇಲ್ಲಿ ನೀನೇ ಗತಿ.”

ಹಜಾರದ ತುಂಬ ಜನ ನೋಡುತ್ತಿರುವಾಗ ಅವನು ಅಕ್ಕನ ಕೂದಲನ್ನು ಎರಡೂ ಕೈಯಲ್ಲಿ ಹಿಡಿದ. ಸಾವಿರಾರು ಜನರ ಕೈ ಎತ್ತಿಸಿದವನಿಗೆ ಒಂದು ಗಂಟು ಹಾಕಲು ಬರಲಿಲ್ಲ. ಎರಡು ಸಲ ಸುತ್ತಿದ, ಎರಡು ಸಲವೂ ಬಿಚ್ಚಿಕೊಂಡಿತು.

“ಬಿಗಿಯಾಗಿ ಎಳಿ, ಪರವಾಗಿಲ್ಲ” ಎಂದಳು ಅಕ್ಕ. “ನನಗೆ ನೋವಾಗಲ್ಲ.”